ಬೋರಾಗ್ತಿದೆ ಎಂದ ಕೂಡಲೇ ಓಡಬೇಕಿಲ್ಲ

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆ ಮುಚ್ಚಿದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಅಲ್ಲಿಯವರೆಗೆ ಮಕ್ಕಳನ್ನು ಮನೆಯಲ್ಲಿ ಹೇಗೆ ಸಂಭಾಳಿಸುವುದು ಎಂಬ ಹೆತ್ತವರ ಆತಂಕ ದೊಡ್ಡದು. ಅದನ್ನು ಹೆಚ್ಚಿಸುವುದು ಕೆಲವು ತಪ್ಪು ಕಲ್ಪನೆಗಳು.

ಮಗು ‘ಬೋರಾಗ್ತಿದೆ’ ಎಂದರೆ ತಕ್ಷಣ ಏನಾದರೂ ಒದಗಿಸಬೇಕು ಎನ್ನುವುದು ಮೊದಲನೆಯದು. ಬೇಕಿಲ್ಲ. ಹತ್ತು ನಿಮಿಷ ಗೊಣಗಲು ಬಿಡಿ. ಎರಡು ಕುರ್ಚಿಗಳ ಮೇಲೆ ಅಮ್ಮನ ಹಳೆ ಸೀರೆ ಹೊದಿಸಿ ಮನೆ ಕಟ್ಟಿಕೊಳ್ಳುವ ಯೋಚನೆ ಹುಟ್ಟುವುದು ಆ ಗೊಣಗಾಟದ ನಂತರವೇ. ಆಗ ನಾವು ಸಲಹೆ ಕೊಡಲು ಹೋಗಬಾರದು, ಅಷ್ಟೇ.

ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಆಡಲಿ ಎಂದರೆ, ‘ಚೌಕಾಬಾರವೇ? ಅದು ಬರೀ ಅದೃಷ್ಟದಾಟ’ ಎನ್ನುವವರಿದ್ದಾರೆ. ಈ ಮಾತು ನನಗೆ ನಿಜಕ್ಕೂ ಬೇಸರ ತರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆಯಿರಿ. ಕವಡೆ ಸಿಗದಿದ್ದರೆ ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಅಂಥವು ನಾಲ್ಕು ಸಾಕು. ಬಿಳಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆ: ನಾಲ್ಕೂ ಬಿಳಿ ಬಿದ್ದರೆ 4, ನಾಲ್ಕೂ ಕಪ್ಪಾದರೆ ಮಾತ್ರ 8. ಎರಡೂ ಬದಿ ಸಮನಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಬೀಜಗಳು ಬೀಳಬಹುದಾದ ಬಗೆ 16. ಅವುಗಳಲ್ಲಿ 2 ಬರುವುದು 6 ಬಗೆಯಲ್ಲಿ, 8 ಬರುವುದು ಒಂದೇ ಬಗೆಯಲ್ಲಿ. ಹಾಗಾಗಿ ನಮ್ಮ ಮನೆಗೇ ಬಂದು ಕಾಯಿ ಕಡಿಯಬಲ್ಲ ಎದುರಾಳಿ ಎಂಟು ಮನೆ ಹಿಂದಿರುವುದಕ್ಕಿಂತ ಎರಡೇ ಮನೆ ಹಿಂದಿದ್ದಾಗ ನಮ್ಮ ಕಾಯಿಗೆ ಅಪಾಯ ಹೆಚ್ಚು. ಯಾರೂ ಲೆಕ್ಕ ಹೇಳಿಕೊಡದೆಯೇ, ಎರಡು ದಿನ ಕಾಯಿ ಕಡಿಸಿಕೊಂಡ ಮಗು ಇದನ್ನು ಕಂಡುಕೊಳ್ಳುತ್ತದೆ. ಯಾವ ಕಾಯಿ ನಡೆಸಬೇಕು, ಯಾವುದನ್ನು ಯಾರೂ ಕಡಿಯಲಾಗದ ಅಡ್ಡಗೀಟಿನ ಮನೆಯಲ್ಲೇ ಕಾಯಿಸಬೇಕು, ಯಾವುದನ್ನು ಬೇಗ ನಡುಮನೆ ಮುಟ್ಟಿಸಿ ಹಣ್ಣು ಮಾಡಬೇಕು ಎಂಬುದೆಲ್ಲ ಯೋಚನೆಯ ಕೆಲಸ. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ಭಾಗಗಳಲ್ಲಿ ಒಂದಾದ ‘ಕೌತುಕನಿಧಿ’ಯಲ್ಲಿ ಆಟಗಳಿಗೆ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ಫೋನ್ ಕೊಟ್ಟರೆ ಮಗು ತೆಪ್ಪಗಿರುತ್ತದೆ ಎಂಬುದು ನಿಜ. ತಪ್ಪಿರುವುದು ಅದರಿಂದ ಏನೂ ಆಗದು ಎಂಬ ನಂಬಿಕೆಯಲ್ಲಿ. ಎರಡರಿಂದ ನಾಲ್ಕು ವರ್ಷದವರು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

‘ಬಿಸಿಲು ಕೆಟ್ಟದ್ದು, ದಿನವಿಡೀ ಒಳಗೇ ಇರಲಿ’ ಎನ್ನುವುದೂ ಅರ್ಧ ಸತ್ಯ. ನಡುಮಧ್ಯಾಹ್ನ ಒಳಗಿರಲಿ, ಸರಿ. ಆದರೆ ಎಳೆಯ ಕಣ್ಣಿಗೆ ಹೊರಗಿನ ಬೆಳಕು ಬೇಕು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಆರು ವರ್ಷದ ಆಸುಪಾಸಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದವರಲ್ಲಿ ಮೂರು ವರ್ಷದಲ್ಲಿ ಸಮೀಪದೃಷ್ಟಿ ಬಂದದ್ದು ಶೇ. 30.4 ಮಂದಿಗೆ, ಉಳಿದವರಲ್ಲಿ ಶೇ. 39.5. ಸುಡುಬಿಸಿಲಿನಲ್ಲಿ ನಿಲ್ಲಬೇಕಿಲ್ಲ, ಮರದ ನೆರಳಲ್ಲೂ ಮನೆಯೊಳಗಿನದಕ್ಕಿಂತ ಹಲವು ಪಟ್ಟು ಬೆಳಕಿರುತ್ತದೆ. ಬೆಳಗ್ಗೆ ಎಂಟಕ್ಕೆ ಹೊಂಗೆಮರದ ಕೆಳಗೆ ಚೌಕಾಬಾರದ ಮನೆ ಬರೆದುಕೊಳ್ಳಬಹುದು. ಒಂದು ತುಂಡು ಸೀಮೆಸುಣ್ಣ, ನಾಲ್ಕು ಹುಣಸೆಬೀಜ, ಕಾಯಿಗಳಾಗಿ ಒಂದಿಷ್ಟು ಬಳೆಚೂರು ಚಡ್ಡಿಜೇಬಿನಲ್ಲೇ ಹಿಡಿಯುತ್ತವೆ.