ಯಾರೂ ಇಲ್ಲದವರ ಪರವಾಗಿ ನಿಂತ ನ್ಯಾಯವಾದಿ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಅದರಲ್ಲಿಯೂ ಕೊಲೆ, ದರೋಡೆಗಳ ಆಪಾದನೆ ಹೊತ್ತವರ ಪರ ವಾದಿಸುವ ವಕೀಲರನ್ನು ಕಂಡರೆ ಸಜ್ಜನರೂ ಹುಬ್ಬು ಗಂಟಿಕ್ಕುವುದುಂಟು. ‘ಅಂಥವರ ಪರ ನಿಲ್ಲಲು ಇವರಿಗೆ ಮನಸ್ಸಾದರೂ ಹೇಗೆ ಬರುತ್ತದೆ?’ ಎಂಬ ಪ್ರಶ್ನೆ ಹುತ್ತೂರಿನ ಜಗಲಿಯ ಮೇಲೂ ಕೇಳಿಬರುತ್ತದೆ, ಕೋಲಾರದ ನ್ಯಾಯಾಲಯದ ಆವರಣದಲ್ಲಿಯೂ ಕೇಳಿಬರುತ್ತದೆ. ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ನೀಡಿದವರಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ನ್ಯಾಯವಾದಿ ಕಾಲಿನ್ ಗೊನ್ಸಾಲ್ವಿಸ್ ಒಬ್ಬರು. ಅವರ ಹೆಸರು ನಮ್ಮ ಹಳ್ಳಿಗಳಲ್ಲಿ ಪರಿಚಿತವಲ್ಲ. ಆದರೆ ಅವರ ದುಡಿಮೆಯ ಫಲ ನಮ್ಮ ಮಕ್ಕಳ ತಟ್ಟೆಯವರೆಗೂ ಬಂದಿದೆ.

ಗೊನ್ಸಾಲ್ವಿಸ್ ಅವರು ಮೊದಲು ಓದಿದ್ದು ಕಾನೂನನ್ನಲ್ಲ. ಮುಂಬಯಿಯ ಐ.ಐ.ಟಿ.ಯಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದ ಅವರು ಕಟ್ಟಡಗಳನ್ನು ಕಟ್ಟುವ ಬದಲು ಕಾರ್ಮಿಕ ಸಂಘಟನೆಗಳ ಕಡೆಗೆ ಒಲಿದರು. ಕಾರ್ಮಿಕರ ಬವಣೆಯನ್ನು ಹತ್ತಿರದಿಂದ ಕಂಡ ಮೇಲೆ ಕಾನೂನು ವ್ಯಾಸಂಗ ಮಾಡಿ, ಕಾರ್ಮಿಕರ ವಕೀಲರಾಗಿ ವೃತ್ತಿ ಆರಂಭಿಸಿದರು. 1989ರಲ್ಲಿ ಸಹವರ್ತಿಗಳೊಡನೆ ‘ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಶುಲ್ಕ ಕೊಡಲಾರದ ಕೈದಿಗಳು, ದಲಿತರು, ಆದಿವಾಸಿಗಳು, ಸ್ತ್ರೀಯರು ಮತ್ತು ಅಂಗವಿಕಲರ ಪರವಾಗಿ ವಾದಿಸುವುದು ಅದರ ಕಾರ್ಯ. ಈ ಸೇವೆಗಾಗಿ 2017ರಲ್ಲಿ ಅವರಿಗೆ ಸ್ವೀಡನ್ನಿನ ‘ರೈಟ್ ಲೈವ್‌ಲಿಹುಡ್’ ಪ್ರಶಸ್ತಿ ಸಂದಿತು.

2001ರಲ್ಲಿ ರಾಜಸ್ಥಾನ ಬರದಿಂದ ಬಳಲುತ್ತಿತ್ತು. ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗಲೇ ಜನ ಹಸಿದಿದ್ದರು. ಪಿ.ಯು.ಸಿ.ಎಲ್. ಸಂಸ್ಥೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋಯಿತು. ಅದರ ಪರವಾಗಿ ವಾದಿಸಿದವರು ಗೊನ್ಸಾಲ್ವಿಸ್. ಸಂವಿಧಾನದ 21ನೆಯ ಅನುಚ್ಛೇದವು ನೀಡಿರುವ ಬದುಕುವ ಹಕ್ಕಿನಲ್ಲಿ ಅನ್ನದ ಹಕ್ಕೂ ಅಡಗಿದೆ ಎಂಬುದು ಆ ಮೊಕದ್ದಮೆಯ ತಿರುಳು. ಅದೇ ವರ್ಷ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಬಿಸಿಯೂಟವನ್ನೇ ನೀಡಬೇಕೆಂದು ನ್ಯಾಯಾಲಯ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಕೋಲಾರವೂ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂತು. ಮಧ್ಯಾಹ್ನ ಗಂಟೆ ಬಾರಿಸಿದೊಡನೆ ಸಾಲಾಗಿ ಕುಳಿತು ಅನ್ನ ಸಾರು ಉಣ್ಣುವ ಮಕ್ಕಳ ಸಂತೋಷದ ಹಿಂದೆ ಒಂದು ಮೊಕದ್ದಮೆಯ ಶ್ರಮವೂ ಇದೆ.

ಹಸಿದ ಮಗುವಿನ ಪರ ನಿಲ್ಲುವ ವಕೀಲನನ್ನು ಯಾರೂ ನಿಂದಿಸುವುದಿಲ್ಲ. ಗಲ್ಲಿಗೆ ಗುರಿಯಾದವನ ಪರ ನಿಂತಾಗಲೇ ಪ್ರಶ್ನೆ ಏಳುವುದು. ಅಂತಹ ಒಂದು ಪ್ರಸಂಗ ನಮ್ಮ ರಾಜ್ಯದಲ್ಲಿಯೇ ನಡೆಯಿತು.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರಿನ ಬಳಿ ವೀರಪ್ಪನ್ ತಂಡ ನೆಲಬಾಂಬು ಸಿಡಿಸಿತು. ಪೊಲೀಸರು, ಅರಣ್ಯ ಸಿಬ್ಬಂದಿ ಹಾಗೂ ಅವರೊಡನಿದ್ದವರು ಸೇರಿ 22 ಮಂದಿ ಸತ್ತರು. ಆ 22 ಮನೆಗಳ ಕಣ್ಣೀರನ್ನು ಮರೆತು ಈ ವಿಷಯವನ್ನು ಮಾತನಾಡುವುದು ಸಲ್ಲದು. ಅನಂತರ ಬೆಟ್ಟದ ಸೀಮೆಯ ಅನೇಕರನ್ನು ‘ಟಾಡಾ’ ಕಾಯಿದೆಯ ಅಡಿಯಲ್ಲಿ ಬಂಧಿಸಲಾಯಿತು. ಆ ಕಾಯಿದೆಯಲ್ಲಿ ಜಾಮೀನು ದೊರೆಯುವುದು ದುರ್ಲಭ. ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಮೇಲ್ಮನವಿಗೆ ಉಚ್ಚ ನ್ಯಾಯಾಲಯದ ಮೆಟ್ಟಿಲೂ ಇರಲಿಲ್ಲ, ನೇರವಾಗಿ ದೆಹಲಿಗೇ ಹೋಗಬೇಕು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ನೀಡಿದಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಅಷ್ಟರಲ್ಲಿ ಅವರಲ್ಲಿ ಅನೇಕರ ಬಾಳಿನ ಎಷ್ಟೋ ವರ್ಷಗಳು ಸೆರೆಮನೆಯಲ್ಲಿಯೇ ಕಳೆದುಹೋಗಿದ್ದವು. ಕಾರ್ಯಾಚರಣೆಯ ಕಾಲದಲ್ಲಿ ಹಿಂಸೆಗೆ ಒಳಗಾದ 89 ಜನರಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಹೇಳಿತು.

ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಒಳಗಾದ ನಾಲ್ವರು ಬಿಡುಗಡೆ ಬಯಸಿ ಮೇಲ್ಮನವಿ ಹೋದರು. ಆದರೆ 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಅವರ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಬಿಡುಗಡೆ ಕೇಳಲು ಹೋದವರಿಗೆ ಹಗ್ಗ ಸಿಕ್ಕಿತು. ಅವರು ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ ಸಲ್ಲಿಸಿದರು. ಒಂಬತ್ತು ವರ್ಷ ಉತ್ತರ ಬರಲಿಲ್ಲ. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ‘ಇಂದೋ ನಾಳೆಯೋ’ ಎಂದು ಕಾಯುತ್ತ ಅವರು ಮುದುಕರಾದರು.

2013ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ಅದೇ ತಿಂಗಳ 9ರಂದು ಅಫ್ಜಲ್ ಗುರುವನ್ನು ತಿಹಾರ್ ಸೆರೆಮನೆಯಲ್ಲಿ ಗುಟ್ಟಾಗಿ ಗಲ್ಲಿಗೇರಿಸಲಾಗಿತ್ತು. ಸುದ್ದಿಯ ಪತ್ರ ಕುಟುಂಬದವರ ಕೈಸೇರಿದ್ದು ಎಲ್ಲ ಮುಗಿದ ಮೇಲೆ. ಈ ನಾಲ್ವರಿಗೂ ಅದೇ ಗತಿಯಾದೀತೆಂಬ ಭಯ ಹಬ್ಬಿತು. ಗೊನ್ಸಾಲ್ವಿಸ್ ಮತ್ತು ಅವರ ಸಂಗಡಿಗರು ವಾರಾಂತ್ಯದ ರಜೆಯನ್ನೂ ಲೆಕ್ಕಿಸದೆ ಮುಖ್ಯ ನ್ಯಾಯಮೂರ್ತಿ ಅಲ್ತಮಸ್ ಕಬೀರ್ ಅವರ ನಿವಾಸಕ್ಕೇ ಹೋಗಿ ಮೊರೆಯಿಟ್ಟರು. ಸೋಮವಾರ, ಫೆಬ್ರವರಿ 18ರಂದು, ತಡೆಯಾಜ್ಞೆ ದೊರೆಯಿತು. ಆದರೆ ಏಪ್ರಿಲ್‌ನಲ್ಲಿ ಮತ್ತೊಂದು ಪೀಠವು, ಭಯೋತ್ಪಾದನೆಯ ಪ್ರಕರಣಗಳಲ್ಲಿ ವಿಳಂಬವು ಶಿಕ್ಷೆ ತಗ್ಗಿಸಲು ಕಾರಣವಾಗದೆಂದು ಬೇರೊಂದು ಮೊಕದ್ದಮೆಯಲ್ಲಿ ಹೇಳಿತು. ಬಾಗಿಲು ಮುಚ್ಚಿದಂತೆಯೇ ಕಂಡಿತು. ಆದರೂ ವಕೀಲರು ಬಿಡಲಿಲ್ಲ. 2014ರ ಜನವರಿ 21ರಂದು ನ್ಯಾಯಮೂರ್ತಿ ಪಿ. ಸದಾಶಿವಂ ಅವರ ನೇತೃತ್ವದ ಪೀಠವು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ಈ ನಾಲ್ವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಗೊನ್ಸಾಲ್ವಿಸ್ ಅವರೊಡನೆ ರಾಮ್ ಜೇಠ್ಮಲಾನಿ, ಆನಂದ್ ಗ್ರೋವರ್ ಮೊದಲಾದ ಹಿರಿಯರೂ ಅಲ್ಲಿ ವಾದಿಸಿದ್ದರು.

ಆ ನಾಲ್ವರು ನಿರಪರಾಧಿಗಳೆಂದು ಆ ತೀರ್ಪು ಹೇಳಲಿಲ್ಲ. ಅವರು ಸೆರೆಮನೆಯಲ್ಲಿಯೇ ಉಳಿದರು. ಆದರೆ ಅದು ಮುಂದಿನವರಿಗೂ ಅನ್ವಯಿಸುವ ಕೆಲವು ನಿಯಮಗಳನ್ನು ವಿಧಿಸಿತು: ಕ್ಷಮಾದಾನ ತಿರಸ್ಕೃತವಾದ ಸುದ್ದಿ ತಿಳಿಸಿದ ಬಳಿಕ ಕನಿಷ್ಠ 14 ದಿನ ಕಳೆಯಬೇಕು, ಕುಟುಂಬದವರ ಕೊನೆಯ ಭೇಟಿಗೆ ಅವಕಾಶವಿರಬೇಕು, ಕೊನೆಯ ಹಂತದಲ್ಲಿಯೂ ಉಚಿತ ಕಾನೂನು ನೆರವು ಇರಬೇಕು, ಕೈದಿಯ ಮಾನಸಿಕ ಆರೋಗ್ಯವನ್ನು ಪರೀಕ್ಷಿಸುತ್ತಿರಬೇಕು. ನಾಲ್ಕು ಜೀವಗಳಿಗಾಗಿ ನಡೆದ ಹೋರಾಟ ಹೀಗೆ ಎಲ್ಲರಿಗೂ ಸಲ್ಲುವ ನ್ಯಾಯವಾಯಿತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ಸತ್ತವರ ಪರ ಯಾರು? ಇದನ್ನು ಕೇಳಲು ನಾವು ದೂರ ಹೋಗಬೇಕಾಗಿಲ್ಲ. 2000ದ ಮಾರ್ಚ್ 11ರಂದು, ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟರು. ಸಾಕ್ಷಿಗಳು ಹಿಂದೆ ಸರಿದರು. 2006ರಲ್ಲಿ ಆಪಾದಿತರೆಲ್ಲರೂ ಖುಲಾಸೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ಗಾಯ ಇಂದಿಗೂ ಮಾಯ್ದಿಲ್ಲ. ಆದರೆ ಅಲ್ಲಿ ಸೋತದ್ದು ಸಾಕ್ಷಿಗಳಿಗೆ ಅಭಯ ನೀಡಲಾರದ ವ್ಯವಸ್ಥೆಯೇ ಹೊರತು, ಆಪಾದಿತನಿಗೂ ವಕೀಲನಿರಬೇಕೆಂಬ ತತ್ತ್ವವಲ್ಲ. ನೊಂದವರಿಗೆ ಬಲವಾದ ತನಿಖೆ ಬೇಕು, ಧೈರ್ಯವಂತ ಸರ್ಕಾರಿ ವಕೀಲ ಬೇಕು. ಆಪಾದಿತನ ವಕೀಲನನ್ನು ಕಿತ್ತುಕೊಂಡರೆ ಅವರಿಗೆ ನ್ಯಾಯ ದೊರೆಯುವುದಿಲ್ಲ. ತಪ್ಪು ಮನುಷ್ಯನಿಗೆ ಶಿಕ್ಷೆಯಾಗುವ ಸಂಭವವಷ್ಟೇ ಹೆಚ್ಚುತ್ತದೆ.

ವಕೀಲನು ಬಡವನ ಪರ ವಾದಿಸಲೇಬೇಕೇ ಎಂಬ ಪ್ರಶ್ನೆಯನ್ನು ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಚರ್ಚಿಸಿದ್ದಾರೆ. ಎಲ್ಲ ಬಡವರ ಹೊಣೆಯೂ ಒಬ್ಬ ವಕೀಲನ ಮೇಲಿಲ್ಲ. ಆದರೆ ನೆರವಾಗಲು ಬೇರಾರೂ ಕಾಣದಿರುವಾಗ ಆ ಹೊಣೆ ಅವನದೇ ಎಂಬುದು ಅವರ ಅಭಿಮತ. ಅನ್ಯಾಯವೆಂದು ತಿಳಿದೂ ಅದನ್ನು ಸಮರ್ಥಿಸುವುದು ಪಾಪವೆಂದೂ ಅವರೇ ಹೇಳಿದ್ದಾರೆ. ಇವೆರಡಕ್ಕೂ ವಿರೋಧವಿಲ್ಲ. ಆಪಾದಿತನ ವಕೀಲನು ಸಮರ್ಥಿಸುವುದು ಅಪರಾಧವನ್ನಲ್ಲ. ಸಾಬೀತಾಗದೆ ಶಿಕ್ಷೆ ಕೂಡದು, ಸಾಬೀತಾದರೂ ಅಳತೆ ಮೀರಿದ ಶಿಕ್ಷೆ ಕೂಡದು ಎಂಬ ಮರ್ಯಾದೆಯನ್ನು.

ನಮ್ಮ ಕಾನೂನಿನಲ್ಲಿಯೂ ಇದೇ ಭಾವವಿದೆ. ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ನೆರವು ಸಂವಿಧಾನದ 22ನೆಯ ಅನುಚ್ಛೇದ ಕೊಟ್ಟ ಹಕ್ಕು. ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 39ಎ ಅನುಚ್ಛೇದ ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವವರು ತಮ್ಮ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಇದಕ್ಕಾಗಿ ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಇದನ್ನು ಅರಿಯದೆ ಜಮೀನು ಅಡವಿಟ್ಟು, ಹಾಲು ಕೊಡುವ ಹಸುವನ್ನು ಮಾರಿ ಕೋರ್ಟಿಗೆ ಅಲೆಯುವ ಮನೆಗಳಿವೆ. ನೆರೆಯವನ ಮಗ ಠಾಣೆ ಸೇರಿದ ದಿನ ಊರೆಲ್ಲ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಆಗ ಆ ತಾಯಿಯ ಜೊತೆ ಕೋಲಾರಕ್ಕೆ ಒಂದು ಬಸ್ಸು ಹತ್ತಿ, ಅರ್ಜಿ ಬರೆದುಕೊಡುವುದು ಅಕ್ಷರ ಬಲ್ಲ ಯಾರಿಗೂ ಅಸಾಧ್ಯವಲ್ಲ.

‘ನಾನು ಸೆರೆಯಲ್ಲಿದ್ದೆ, ನೀವು ನನ್ನನ್ನು ಕಾಣಲು ಬಂದಿರಿ’ ಎಂದ ಪ್ರಭುವು, ಆ ಸೆರೆಯಾಳು ನಿರಪರಾಧಿಯೋ ಅಲ್ಲವೋ ಎಂದು ಮೊದಲು ವಿಚಾರಿಸಲು ಹೇಳಲಿಲ್ಲ.