ಆಸ್ಪತ್ರೆಯಲ್ಲಿ ತಗುಲಿ ಊರಿನಲ್ಲಿ ಕಾಣುವ ಸೋಂಕು: ಎಳೆಯ ಶಿಶುಗಳ ಉಸಿರಾಟದ ಕಾಯಿಲೆ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ ಹಾಗೂ ಸುತ್ತಲಿನ ಗ್ರಾಮಗಳ, ಅಂತೆಯೇ ನಂಜನಗೂಡು ತಾಲ್ಲೂಕಿನ ಗ್ರಾಮಗಳ ಗರ್ಭಿಣಿಯರು ಹೆರಿಗೆಗಾಗಿ ತಾಲ್ಲೂಕು ಆಸ್ಪತ್ರೆಗೆ, ತೊಡಕಿದ್ದಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ತೆರಳುತ್ತಾರೆ. ಸಹಜ ಹೆರಿಗೆಯಾದವರು ಎರಡು ಮೂರು ದಿನಗಳಲ್ಲಿ, ಶಸ್ತ್ರಚಿಕಿತ್ಸೆಯಾದವರು ಸುಮಾರು ಒಂದು ವಾರದಲ್ಲಿ ಮಗುವಿನೊಡನೆ ಮನೆಗೆ ಮರಳುತ್ತಾರೆ. ಆ ಬಳಿಕ ಕೆಲವೇ ದಿನಗಳಲ್ಲಿ ಮಗುವಿನ ಮೂಗು ಕಟ್ಟಿ ಉಸಿರು ವೇಗವಾದರೆ, ನೀರು ಹಾಕಿದ್ದರಿಂದಲೋ ಬಾಣಂತಿಯ ಪಥ್ಯ ತಪ್ಪಿದ್ದರಿಂದಲೋ ಶೀತವಾಯಿತೆಂದು ಮನೆಯವರು ಭಾವಿಸುವುದುಂಟು. ಆದರೆ ಆ ಸೋಂಕು ವಾರ್ಡಿನಲ್ಲಿಯೇ ತಗುಲಿರುವ ಸಾಧ್ಯತೆಯೂ ಇದೆ.

ಶಿಶುಗಳ ಉಸಿರಾಟದ ಸೋಂಕಿಗೆ ಕಾರಣವಾಗುವ ವೈರಾಣುಗಳಲ್ಲಿ ಆರ್‌ಎಸ್‌ವಿ ಎಂಬುದು ಪ್ರಮುಖವಾದುದು. ಇದು ದೇಹವನ್ನು ಸೇರಿದ ನಂತರ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ತಾಯಿ ಮಗು ಊರಿಗೆ ಬಂದಿರುತ್ತಾರೆ. ಹೀಗಾಗಿ ಆಸ್ಪತ್ರೆಯಲ್ಲಿ ತಗುಲಿದ ಸೋಂಕನ್ನು ಮೊದಲು ಕಾಣುವವರು ಬಹುಪಾಲು ವೈದ್ಯರಲ್ಲ. ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು. ಈ ವಿಷಯ ಪಂಚಾಯಿತಿಗೆ ಸಂಬಂಧಿಸಿದ್ದಾಗುವುದು ಈ ಕಾರಣದಿಂದಲೇ.

ಸೋಂಕು ಹರಡುವ ಬಗೆ

ದೊಡ್ಡವರಲ್ಲಿ ಆರ್‌ಎಸ್‌ವಿ ಬರಿಯ ನೆಗಡಿಯಂತೆ ಬಂದು ಹೋಗುತ್ತದೆ. ಎಳೆಗೂಸಿನ ಶ್ವಾಸನಾಳಗಳು ಅತಿ ಕಿರಿದಾದುದರಿಂದ ಅದೇ ಸೋಂಕು ಕಫ ಹಾಗೂ ಬಾವಿನಿಂದ ಉಸಿರಿನ ದಾರಿಯನ್ನು ಮುಚ್ಚಬಲ್ಲದು. ಅವಧಿಗೆ ಮುನ್ನ ಜನಿಸಿದ, ತೂಕ ಕಡಿಮೆಯಿರುವ ಅಥವಾ ಹೃದಯದ ತೊಂದರೆಯಿರುವ ಶಿಶುಗಳಿಗೆ ಅಪಾಯ ಹೆಚ್ಚು.

ಅಮೆರಿಕದ ರಾಚೆಸ್ಟರ್‌ನಲ್ಲಿ ವೈದ್ಯೆ ಕ್ಯಾರೊಲಿನ್ ಹಾಲ್ ಮತ್ತು ಸಹೋದ್ಯೋಗಿಗಳು ನಡೆಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸೋಂಕಿನ ದಾರಿಯನ್ನು ಸ್ಪಷ್ಟಪಡಿಸಿತು. ಸೋಂಕಿತ ಶಿಶುಗಳನ್ನು ಎತ್ತಿ ಆರೈಕೆ ಮಾಡಿದ 7 ಸ್ವಯಂಸೇವಕರ ಪೈಕಿ 5 ಮಂದಿಗೆ ಸೋಂಕು ತಗುಲಿತು. ಮಗುವನ್ನು ಮುಟ್ಟದೆ, ಅದರ ಸುತ್ತಲಿನ ವಸ್ತುಗಳನ್ನು ಮಾತ್ರ ಮುಟ್ಟಿ ತಮ್ಮ ಕಣ್ಣು ಮೂಗುಗಳನ್ನು ಮುಟ್ಟಿಕೊಂಡ 10 ಮಂದಿಯಲ್ಲಿ 4 ಮಂದಿಗೆ ತಗುಲಿತು. ಏನನ್ನೂ ಮುಟ್ಟದೆ ದೂರದಲ್ಲಿ ಕುಳಿತಿದ್ದ 14 ಮಂದಿಯಲ್ಲಿ ಒಬ್ಬರಿಗೂ ತಗುಲಲಿಲ್ಲ. ಕೆಮ್ಮು ಸೀನುಗಳ ಹನಿಗಳು ಹತ್ತಿರದವರಿಗೆ ಸೋಂಕು ಹರಡುವುದು ನಿಜವಾದರೂ, ಈ ವೈರಾಣುವಿನ ಮುಖ್ಯ ವಾಹನ ಮನುಷ್ಯನ ಕೈ. ಮಂಚದ ಕಂಬಿ, ಮೇಜು ಮುಂತಾದ ಗಟ್ಟಿ ಮೇಲ್ಮೈಗಳ ಮೇಲೆ ಇದು ಕೆಲವು ಗಂಟೆಗಳ ಕಾಲ ಜೀವಂತವಾಗಿರಬಲ್ಲದು. ಆದರೆ ಸಾಬೂನಿಗೂ ಸಾಮಾನ್ಯ ಸೋಂಕುನಿವಾರಕಗಳಿಗೂ ಸುಲಭವಾಗಿ ನಾಶವಾಗುತ್ತದೆ.

ಇದು ಯಾವುದೋ ಒಂದು ಆಸ್ಪತ್ರೆಯ ಲೋಪವೆಂದು ತಿಳಿಯಬಾರದು. ಸಕಲ ಸೌಲಭ್ಯಗಳುಳ್ಳ ಆಸ್ಪತ್ರೆಗಳಲ್ಲಿಯೂ ಸಂಭವಿಸುತ್ತದೆ. ವೈರಾಣುವನ್ನು ವಾರ್ಡಿನೊಳಕ್ಕೆ ತರುವವರಲ್ಲಿ ಸಿಬ್ಬಂದಿಯಂತೆಯೇ ಸಂದರ್ಶಕರೂ ಇರುತ್ತಾರೆ. ಮಗು ಹುಟ್ಟಿದ ಸಂತೋಷಕ್ಕೆ ಬಂಧುಗಳು ಗುಂಪಾಗಿ ಹೊರಟು, ಒಬ್ಬರ ಕೈಯಿಂದ ಒಬ್ಬರ ಕೈಗೆ ಮಗುವನ್ನು ದಾಟಿಸಿ ಮುದ್ದಿಸುವುದು ರೂಢಿ. ಆ ಗುಂಪಿನಲ್ಲಿ ಸಣ್ಣ ನೆಗಡಿಯಿರುವ ಒಬ್ಬರಿದ್ದರೂ ಸಾಕು. ವೃದ್ಧರನ್ನು, ಹಿರಿಯರನ್ನು ತಡೆಯುವುದು ಸಿಬ್ಬಂದಿಗೆ ಸುಲಭವಲ್ಲ. ಊರಿನಲ್ಲಿ ಮಾತು ನಡೆಯುವ ಸದಸ್ಯರು ಹೊರಡುವ ಮುನ್ನವೇ ಹೇಳಿದರೆ ಆ ಮಾತಿಗೆ ಬೆಲೆಯಿರುತ್ತದೆ.

ಗುರುತಿಸಬೇಕಾದ ಲಕ್ಷಣಗಳು

ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು 50 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ಕುಡಿಯದಿರುವುದು, ಮಂಕಾಗಿರುವುದು, ನಡುನಡುವೆ ಉಸಿರು ನಿಲ್ಲುವುದು, ತುಟಿ ನೀಲಿಯಾಗುವುದು. ತೀರ ಎಳೆಯ ಮಗುವಿನಲ್ಲಿ ಕೆಮ್ಮೇ ಇಲ್ಲದಿರಬಹುದು. ಇವುಗಳಲ್ಲಿ ಯಾವುದೊಂದು ಕಂಡರೂ ಕಾಯದೆ 108 ವಾಹನಕ್ಕೆ ಕರೆ ಮಾಡಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ ಮತ್ತು ಸಾರಿಗೆ ಉಚಿತ. ವೈರಾಣುವಿನ ಮೇಲೆ ಆಂಟಿಬಯಾಟಿಕ್ ಔಷಧ ಕೆಲಸ ಮಾಡದಾದ್ದರಿಂದ ಔಷಧದಂಗಡಿಯಿಂದ ತಾವೇ ತಂದು ಕುಡಿಸುವುದು ಸಲ್ಲದು. ಆಮ್ಲಜನಕ, ದ್ರವಾಹಾರ ಹಾಗೂ ನಿಗಾ ಇವೇ ಚಿಕಿತ್ಸೆಯ ಆಧಾರ.

ಗ್ರಾಮ ಪಂಚಾಯಿತಿ ಮಾಡಬಹುದಾದುದು

1. ವಾರ್ಡಿಗೆ ತಾಯಿಯೊಡನೆ ಆರೋಗ್ಯವಂತರಾದ ಒಬ್ಬರು ಮಾತ್ರ ಇರಬೇಕು. ನೆಗಡಿ ಕೆಮ್ಮು ಇರುವವರು ಹಾಗೂ ಚಿಕ್ಕ ಮಕ್ಕಳು ಹೋಗಬಾರದು. ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಇದನ್ನು ಗ್ರಾಮ ಸಭೆಯಲ್ಲಿಯೂ ಸ್ವಸಹಾಯ ಸಂಘಗಳ ಸಭೆಗಳಲ್ಲಿಯೂ ತಿಳಿಸುವುದು.

2. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಮತ್ತು ಅಂಗನವಾಡಿಗಳಲ್ಲಿ ಕೈ ತೊಳೆಯುವ ಜಾಗಕ್ಕೆ ನಿರಂತರ ನೀರು ಬರುತ್ತಿದೆಯೇ, ಸಾಬೂನು ಇದೆಯೇ ಎಂದು ಪರಿಶೀಲಿಸುವುದು. ನೀರಿಲ್ಲದ ನಲ್ಲಿಯ ಮುಂದೆ ಸ್ವಚ್ಛತೆಯ ಫಲಕ ಹಾಕಿ ಪ್ರಯೋಜನವಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಆರೋಗ್ಯ ಮತ್ತು ನೈರ್ಮಲ್ಯವು ಪಂಚಾಯಿತಿಗಳ ವಿಷಯವಾಗಿಯೇ ಸೇರಿದೆ.

3. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಮನೆಗೆ ಹೋಗಿ ನೋಡಬೇಕಾಗಿದೆ. 7 ಮತ್ತು 14ನೇ ದಿನದ ಭೇಟಿಗಳು ಈ ಸೋಂಕು ಹೊರಬೀಳುವ ಕಾಲಕ್ಕೆ ಹೊಂದುತ್ತವೆ. ಭೇಟಿಗಳು ತಪ್ಪುತ್ತಿಲ್ಲವೆಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮಾಸಿಕ ಸಭೆಯಲ್ಲಿ ವಿಚಾರಿಸುವುದು.

4. ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ, ಸೌದೆ ಅಥವಾ ಬೀಡಿಯ ಹೊಗೆ ಇರದಂತೆ, ಎದೆಹಾಲು ನಿಲ್ಲಿಸದಂತೆ ಮನೆಯವರಿಗೆ ತಿಳಿಹೇಳುವುದು. ತಾಯಿಗೆ ನೆಗಡಿಯಿದ್ದರೂ ಮೂಗು ಬಾಯಿ ಮುಚ್ಚಿಕೊಂಡು, ಕೈ ತೊಳೆದು ಹಾಲೂಡಿಸಬಹುದು.

ಈ ವಿಷಯವನ್ನು ತಿಳಿಸುವಾಗ ಒಂದು ಎಚ್ಚರ ಅಗತ್ಯ. ಸೋಂಕಿನ ಭಯದಿಂದ ಯಾರೂ ಮನೆ ಹೆರಿಗೆಗೆ ಮರಳಬಾರದು. ಹೆರಿಗೆಯ ವೇಳೆಯ ರಕ್ತಸ್ರಾವ, ಮಗು ಉಸಿರಾಡದಿರುವುದು ಮುಂತಾದ ಅಪಾಯಗಳಿಗೆ ಮನೆಯಲ್ಲಿ ಪರಿಹಾರವಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಬಂಧುಗಳ ಹರಕೆ ಹಾರೈಕೆಗಳು ಮಾತ್ರ ಮಗು ಮನೆಗೆ ಬಂದು ಕೆಲವು ವಾರಗಳು ಕಳೆಯುವವರೆಗೆ ಕಾಯಬಹುದು.