ವಾಹನದ ಪರದೆಯ ಮೇಲಿನ ಗೆರೆಗಳು

ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯು ಬೀಳಗಿ ತಾಲ್ಲೂಕಿನ ಅನಗವಾಡಿಯ ಬಳಿ ಘಟಪ್ರಭಾ ನದಿಯನ್ನು ದಾಟುತ್ತದೆ. ಆ ಸೇತುವೆಯ ಮೇಲೆ ಸಾಗುವ ಕಾರು, ಜೀಪುಗಳಲ್ಲಿ ಈಗ ಪುಟ್ಟ ಪರದೆಗಳಿರುವುದು ಸಾಮಾನ್ಯವಾಗಿದೆ. ಹಿಂದಿನ ಆಸನದ ಮಕ್ಕಳು ಚಲನಚಿತ್ರ ನೋಡುತ್ತಾರೆ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಚಾಲಕನು ಹಿಂಬದಿಯ ಕ್ಯಾಮರಾ ಕಳುಹಿಸುವ ದೃಶ್ಯವನ್ನು ನೋಡುತ್ತಾನೆ. ಎಷ್ಟೋ ವೇಳೆ ಎಂಜಿನು ಆರಂಭವಾದೊಡನೆ ಪರದೆಯ ಮೇಲೆ ಅಡ್ಡಗೆರೆಗಳು ಹರಿದಾಡತೊಡಗುತ್ತವೆ. ಚಲನಚಿತ್ರ ಕೆಟ್ಟರೆ ಮನರಂಜನೆಯಷ್ಟೇ ಕೆಟ್ಟೀತು. ಆದರೆ ಮಕ್ಕಳು ಆಡುವ ಅಂಗಳದಲ್ಲಿ ಹಿಂದಕ್ಕೆ ಸರಿಯುವ ಜೀಪಿನ ಚಾಲಕನಿಗೆ ಆ ಗೆರೆಗಳ ಮರೆಯಲ್ಲಿ ಒಂದು ಮಗು ಕಾಣದೆ ಹೋದರೆ ಗತಿಯೇನು?

1975ರ ಆಗಸ್ಟ್ 1ರಂದು ಆರಂಭವಾದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆಗಿನ ವಿಜಾಪುರ ಜಿಲ್ಲೆಯೂ ಸೇರಿದ್ದಿತು; ಬೀಳಗಿ ತಾಲ್ಲೂಕು ಆಗ ಆ ಜಿಲ್ಲೆಯದೇ. ಮುಂದೆ ಮನೆಯ ಮಾಳಿಗೆಗಳ ಮೇಲೆ ಆಂಟೆನಾಗಳು ಎದ್ದ ಕಾಲದಲ್ಲಿ, ಬೀದಿಯಲ್ಲೊಂದು ಮೋಟಾರ್ ಸೈಕಲ್ ಹಾದರೆ ಒಳಗಿನ ಚಿತ್ರದ ತುಂಬ ಬಿಳಿಯ ಚುಕ್ಕೆಗಳು ಸಿಡಿಯುತ್ತಿದ್ದುವು. ಪೆಟ್ರೋಲ್ ಎಂಜಿನಿನಲ್ಲಿ 12 ವೋಲ್ಟಿನ ವಿದ್ಯುತ್ತನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಿಡಿ ಹಾರಿಸಲಾಗುತ್ತದೆ. ಕಿಡಿಯು ಸುತ್ತಲೂ ರೇಡಿಯೋ ಅಲೆಗಳನ್ನು ಚೆಲ್ಲುತ್ತದೆ. 1887ರಲ್ಲಿ ಜರ್ಮನಿಯ ಹೈನ್‌ರಿಚ್ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗದಲ್ಲಿ ಹುಟ್ಟಿಸಿದುದೂ ಕಿಡಿಯಿಂದಲೇ. ಅಂದು ಹೊರಗಿನ ವಾಹನ ಮನೆಯ ಚಿತ್ರವನ್ನು ಕೆಡಿಸುತ್ತಿತ್ತು. ಇಂದು ಚಿತ್ರವೇ ವಾಹನದೊಳಗೆ ಬಂದು ಕುಳಿತಿದೆ.

ಡೀಸೆಲ್ ಎಂಜಿನಿನಲ್ಲಿ ಈ ಕಿಡಿಯಿಲ್ಲ. ಆದರೂ ಡೀಸೆಲ್ ಜೀಪಿನ ಪರದೆಯಲ್ಲಿ ಗೆರೆಗಳು ಕಾಣುತ್ತವೆ. ಎಂಜಿನಿನೊಡನೆ ತಿರುಗುವ ಆಲ್ಟರ್ನೇಟರ್ ಉತ್ಪಾದಿಸುವುದು ಪರ್ಯಾಯ ವಿದ್ಯುತ್ತನ್ನು. ಡಯೋಡುಗಳು ಅದನ್ನು ಏಕಮುಖವಾಗಿಸಿದರೂ ಅದರಲ್ಲಿ ಸಣ್ಣ ಏರಿಳಿತ ಉಳಿದೇ ಇರುತ್ತದೆ. ಕ್ಯಾಮರಾದಿಂದ ತಂತಿಯ ಮೂಲಕ ಬರುವ ಚಿತ್ರಸಂಜ್ಞೆಯಾದರೋ ಸುಮಾರು ಒಂದು ವೋಲ್ಟಿನದು. ಅದರೊಡನೆ ಹತ್ತನೆಯ ಒಂದು ವೋಲ್ಟಿನಷ್ಟು ಏರಿಳಿತ ಬೆರೆತರೂ ಕಣ್ಣಿಗೆ ಕಾಣುತ್ತದೆ.

ಬೆರೆಯುವುದು ಹೇಗೆ? ವಾಹನದಲ್ಲಿ ವಿದ್ಯುತ್ತು ಬ್ಯಾಟರಿಯ ಋಣಧ್ರುವಕ್ಕೆ ಮರಳುವ ದಾರಿ ಬಹುಮಟ್ಟಿಗೆ ಗಾಡಿಯ ಉಕ್ಕಿನ ಒಡಲೇ ಆಗಿದೆ. ಆಲಮಟ್ಟಿಯಲ್ಲಿ ಕೃಷ್ಣೆಯನ್ನು ತಡೆದಾಗ ಹಿನ್ನೀರು ಘಟಪ್ರಭೆಯೊಳಕ್ಕೂ ಏರಿಬರುವುದನ್ನು ಈ ಭಾಗದ ಜನ ಬಲ್ಲರು. ಹಾಗೆಯೇ ಒಡಲಿಗೆ ತಂತಿ ಕೂಡುವ ಬೋಲ್ಟು ತುಕ್ಕು ಹಿಡಿದಿದ್ದರೆ ಮರಳುವ ವಿದ್ಯುತ್ತಿಗೆ ತಡೆಯುಂಟಾಗಿ ಅಲ್ಲಿ ವೋಲ್ಟೇಜು ಏರಿ ನಿಲ್ಲುತ್ತದೆ. ಕ್ಯಾಮರಾವನ್ನು ಹಿಂದೆಯೂ ಪರದೆಯನ್ನು ಮುಂದೆಯೂ ಒಡಲಿಗೆ ಜೋಡಿಸಿದ್ದರೆ ಆ ಎರಡು ಸ್ಥಳಗಳ ವೋಲ್ಟೇಜು ಒಂದೇ ಆಗಿರುವುದಿಲ್ಲ. ಆಗ ಒಡಲಿನಲ್ಲಿ ಸಾಗಬೇಕಾದ ವಿದ್ಯುತ್ತಿನ ಒಂದಂಶ ಚಿತ್ರದ ತಂತಿಯ ಹೊರಜಾಲರಿಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಕಾರಣವನ್ನು ಹುಡುಕುವುದು ಕಷ್ಟವಲ್ಲ. ಎಂಜಿನು ನಿಂತಿರುವಾಗ ಚಿತ್ರ ಶುದ್ಧವಾಗಿದ್ದು, ಆರಂಭಿಸಿದಾಗ ಗೆರೆಗಳು ಬಂದು, ವೇಗ ಹೆಚ್ಚಿಸಿದಂತೆ ಅವುಗಳ ಓಟವೂ ಬದಲಾದರೆ ಆಲ್ಟರ್ನೇಟರನ್ನೋ ಕಿಡಿಯನ್ನೋ ಸಂಶಯಿಸಬೇಕು. ಎಂಜಿನು ನಿಂತಾಗಲೂ ಗೆರೆಗಳಿದ್ದರೆ ಮೊಬೈಲ್ ಚಾರ್ಜರು, ಎಲ್ಇಡಿ ದೀಪಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ಪರದೆಗೆ ಬೇರೊಂದು 12 ವೋಲ್ಟಿನ ಬ್ಯಾಟರಿಯನ್ನು ಒಡಲಿಗೆ ತಾಗದಂತೆ ಜೋಡಿಸಿದಾಗ ಗೆರೆಗಳು ಮಾಯವಾದರೆ, ದೋಷವಿರುವುದು ವಿದ್ಯುತ್ ಪೂರೈಕೆಯಲ್ಲಿ ಅಥವಾ ಒಡಲಿನ ಜೋಡಣೆಯಲ್ಲಿ.

ಅಂಗಡಿಯಲ್ಲಿ ದೊರೆಯುವ ಶೋಧಕವನ್ನು ಮೊದಲೇ ತಂದು ಹಾಕುವವರು ಬಹಳ. ಇದು ನೋವೆಲ್ಲಿಯೆಂದು ಕೇಳದೆ ಪಟ್ಟು ಹಾಕಿದಂತೆ! ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚಿಟ್ಟು, ಬಣ್ಣ ತುಕ್ಕುಗಳನ್ನು ಕೆರೆದು, ಎರಡು ಉಪಕರಣಗಳನ್ನೂ ಒಂದೇ ಸ್ಥಳದಲ್ಲಿ ಒಡಲಿಗೆ ಬಿಗಿಯುವುದು ಮೊದಲ ಕೆಲಸ. ಇದಕ್ಕೆ ತಗಲುವ ಖರ್ಚು ಒಂದು ತುಂಡು ಉಪ್ಪುಕಾಗದ ಮಾತ್ರ. ಅನಂತರ ಜಾಲರಿಯ ಹೊದಿಕೆಯಿರುವ ಒಳ್ಳೆಯ ತಂತಿಯನ್ನು ವಿದ್ಯುತ್ತಿನ ದಪ್ಪ ತಂತಿಗಳಿಂದ ದೂರವಾಗಿ, ಗಾಡಿಯ ಇನ್ನೊಂದು ಮಗ್ಗುಲಿನಲ್ಲಿ ಎಳೆಯಬೇಕು. ಇಷ್ಟಾಗಿಯೂ ಗೆರೆ ಉಳಿದರೆ ಶೋಧಕವಿದೆ. ಅದರಲ್ಲಿನ ಸುರುಳಿ ಏರಿಳಿತವನ್ನು ತಡೆಯುತ್ತದೆ. ಕೆಪಾಸಿಟರು ಉಳಿದುದನ್ನು ಒಡಲಿಗೆ ಹಾಯಿಸಿಬಿಡುತ್ತದೆ. ಪೆಟ್ರೋಲ್ ಗಾಡಿಯಾದರೆ ಕಿಡಿಯ ತಂತಿಗಳನ್ನೂ ಪರೀಕ್ಷಿಸಬೇಕು.

ಕೊನೆಗೆ ಗಾಡಿಯನ್ನು ನಿಲ್ಲಿಸಿದಲ್ಲಿಯೇ ಕೈಬ್ರೇಕು ಹಾಕಿ, ಹಿಂದೆ ಒಂದು ಕೊಡವನ್ನಿಟ್ಟು, ಎಂಜಿನು, ದೀಪ, ಫ್ಯಾನು ಎಲ್ಲವನ್ನೂ ಚಾಲೂ ಮಾಡಿ ಕ್ಯಾಮರಾದ ದೃಶ್ಯವನ್ನು ನೋಡಬೇಕು. ಕೊಡದ ಕಂಠದ ಅಂಚು ಅಲುಗದೆ ಕಂಡರೆ ಕೆಲಸ ಮುಗಿಯಿತು.